ಜಗಲಿಯಿಂದ ಬಿಡಾರಕ್ಕೆ: ರಸ್ತೆಬದಿ ಮಲಗುವವರಿಗೆ ಒಂದು ಮನೆ ಮಾಡಿಕೊಡ್ಲಿಕ್ಕೆ ಎಂತ ಎಲ್ಲ ಮಾಡ್ಬೇಕು

ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಮಂಗಳೂರಿನ ಸ್ಟೇಟ್ ಬ್ಯಾಂಕ್, ಸೆಂಟ್ರಲ್ ಮಾರ್ಕೆಟ್, ಹಂಪನಕಟ್ಟೆ ಕಡೆ ಒಮ್ಮೆ ನಡ್ಕೊಂಡು ಹೋಗಿ ನೋಡಿ. ಶಟರ್ ಎಳೆದು ಆದ ಮೇಲೆ ಅಂಗಡಿ ಜಗಲಿಯಲ್ಲಿ ರಟ್ಟು ಹಾಸಿ ಒಬ್ಬೊಬ್ಬರೇ ಮಲಗ್ಲಿಕ್ಕೆ ಶುರು ಮಾಡ್ತಾರೆ. ಹಗಲು ಅವರನ್ನೇ ನಾವು ಮೀನಿನ ಬೋಟು ನಿಲ್ಲುವ ಧಕ್ಕೆಯಲ್ಲಿ ಬುಟ್ಟಿ ಹೊರುವಾಗ, ಹೋಟೆಲಿನ ಹಿಂದೆ ಪಾತ್ರೆ ತಿಕ್ಕುವಾಗ, ಕಟ್ಟಡದ ಕೆಲಸದಲ್ಲಿ ಜಲ್ಲಿ ಎತ್ತುವಾಗ ನೋಡಿರ್ತೇವೆ, ಆದ್ರೆ ರಾತ್ರಿ ಅವರು ಎಲ್ಲಿ ಮಲಗ್ತಾರೆ ಅಂತ ಕೇಳಿರುದಿಲ್ಲ. ಉಡುಪಿಯಲ್ಲಾದ್ರೆ ಸರ್ವಿಸ್ ಬಸ್‌ಸ್ಟ್ಯಾಂಡ್, ರಥಬೀದಿ ಹತ್ರ, ಇಂದ್ರಾಳಿ ಸ್ಟೇಷನ್, ಮಲ್ಪೆ ಬಂದರು, ಅಲ್ಲೆಲ್ಲ ಇದೇ ಕತೆ.

ನಾನು ಮತ್ತೆ ನಾಲ್ಕೈದು ಜನ ಫ್ರೆಂಡ್ಸ್ ಕೆಲವು ವರ್ಷದಿಂದ ರಜೆ ಸಿಕ್ಕಿದಾಗೆಲ್ಲ ಈ ಕೆಲಸದಲ್ಲಿ ಓಡಾಡ್ತಾ ಇದ್ದೇವೆ. ನಮ್ಮದು ಸಂಸ್ಥೆ ಅಲ್ಲ, ಬೋರ್ಡ್ ಇಲ್ಲ. ತುಂಬ ಜನ ಕೇಳ್ತಾರೆ, "ನಮ್ಮ ಆಫೀಸಿನ ಎದುರು ಒಬ್ರು ಅಜ್ಜ ಮಲಗ್ತಾರೆ, ಎಂತ ಮಾಡ್ಬಹುದು?" ಅಂತ. ಪ್ರತಿ ಸಲ ಫೋನಲ್ಲಿ ಹೇಳುದಕ್ಕಿಂತ ಒಂದು ಕಡೆ ಬರೆದು ಇಡುವ ಅಂತ ಇದನ್ನು ಬರೀತಾ ಇದ್ದೇನೆ.

ಮೊದಲೇ ಒಂದು ಮಾತು. ಊಟದ ಪ್ಯಾಕೆಟ್ ಕೊಡುವವರು ನಮ್ಮ ಕರಾವಳಿಯಲ್ಲಿ ಧಾರಾಳ ಇದ್ದಾರೆ. ದೇವಸ್ಥಾನಗಳಲ್ಲಿ ಅನ್ನಪ್ರಸಾದ ಉಂಟು, ಕೃಷ್ಣ ಮಠದಲ್ಲಿ ಉಂಟು, ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗ್ತದೆ. ಹಸಿವು ಹೇಗೋ ನೀಗ್ತದೆ. ಇಲ್ಲಿ ಸಿಗದೇ ಇರುದು ಹೆದರಿಕೆ ಇಲ್ಲದೆ ಮಲಗುವ ಒಂದು ಜಾಗ, ಒಂದು ವಿಳಾಸ, ಮತ್ತೆ ಆಫೀಸಿಗೆ ಜೊತೆಯಲ್ಲಿ ಬರುವ ಒಬ್ಬ ಮನುಷ್ಯ. ನಿಮಗೆ ತಿಂಗಳಿಗೆ ನಾಲ್ಕು ಅರ್ಧ ದಿನ ಬಿಡುವು ಮಾಡ್ಲಿಕ್ಕೆ ಆಗ್ತದಾ ನೋಡಿ, ಆಗ್ತದೆ ಅಂತಾದ್ರೆ ಮುಂದೆ ಓದಿ. ಒಂದು ಸಲಕ್ಕೆ ಒಬ್ಬರದ್ದೇ ಕೆಲಸ ಹಿಡ್ಕೊಳ್ಳಿ, ಹತ್ತು ಜನರಿಗೆ ಮಾತು ಕೊಟ್ಟು ಅರ್ಧಕ್ಕೆ ಬಿಟ್ರೆ ಅವರಿಗೆ ಮುಂದಿನವರ ಮೇಲೂ ನಂಬಿಕೆ ಹೋಗ್ತದೆ.

ಮೊದಲು ಪರಿಚಯ, ಆಮೇಲೆ ಪ್ರಶ್ನೆ

ಮೊದಲ ದಿನವೇ "ನಿಮ್ಮ ಊರು ಯಾವುದು, ಮಕ್ಕಳು ಇದ್ದಾರಾ, ಯಾಕೆ ಬಿಟ್ಟು ಬಂದ್ರಿ" ಅಂತ ಕೇಳ್ಬೇಡಿ. ಮೊಬೈಲ್ ತೆಗೆದು ಫೋಟೋ ಹೊಡೀಲಿಕ್ಕಂತೂ ಹೋಗ್ಲೇಬೇಡಿ. ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ಒಂದು ವಾರ ಹೋಗಿ. "ಒಣಸ್ ಆಂಡಾ?" (ಊಟ ಆಯ್ತಾ?) ಅಂತ ತುಳುವಿನಲ್ಲಿ ಕೇಳಿದ್ರೆ ಕೆಲವರ ಮುಖ ಅರಳ್ತದೆ. ಗದಗ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯವರಾದ್ರೆ ತುಳು ಬರುದಿಲ್ಲ, ಕನ್ನಡದಲ್ಲೇ ಮಾತಾಡಿ. ಜಾರ್ಖಂಡ್, ಒಡಿಶಾ, ಬಂಗಾಳದವರೂ ಈಗ ತುಂಬ ಇದ್ದಾರೆ, ಅವರಿಗೆ ಹಿಂದಿ ಬರುವ ಒಬ್ಬರನ್ನು ಕರ್ಕೊಂಡು ಹೋಗಿ. ಅವರು ಮಲಗಿದ ಮೇಲೆ ಎಬ್ಬಿಸ್ಬೇಡಿ. ರಾತ್ರಿ ಎಬ್ಬಿಸುವವರು ಅಂದ್ರೆ ಓಡಿಸುವವರು ಅಂತಲೇ ಅವರ ಲೆಕ್ಕ.

ನಾಲ್ಕೈದು ದಿನ ಆದ ಮೇಲೆ ಅವರೇ ಏನಾದ್ರು ಒಂದು ಕೆಲಸ ಹೇಳ್ತಾರೆ. ಕಾಲಿನ ಗಾಯಕ್ಕೆ ಮುಲಾಮು, ಮೊಬೈಲಿಗೆ ಚಾರ್ಜರ್, ಊರಿಗೆ ಒಂದು ಫೋನು. ಅದನ್ನು ಮೊದಲು ಮಾಡಿ ಕೊಡಿ. ನೀವು ಮನಸ್ಸಿನಲ್ಲಿ ಇಟ್ಕೊಂಡ ದೊಡ್ಡ ಪ್ಲಾನ್ ಅಲ್ಲಿಂದ ಶುರು ಆಗ್ತದೆ.

ಕಾಯ್ಲಿಕ್ಕೆ ಆಗದ ಕೇಸುಗಳು

ಎಲ್ಲರಿಗೂ ನಿಧಾನ ದಾರಿ ಆಗುದಿಲ್ಲ. ಮಕ್ಕಳು ಇದ್ರೆ 1098, ಒಬ್ಬಳೇ ಹೆಂಗಸು ಅಪಾಯದಲ್ಲಿದ್ರೆ 181, ವಯಸ್ಸಾದವರಿಗೆ ಎಲ್ಡರ್‌ಲೈನ್ 14567, ಪ್ರಜ್ಞೆ ಇಲ್ಲದೆ ಬಿದ್ದಿದ್ರೆ 108. ಈ ನಾಲ್ಕು ನಂಬರ್ ಮೊಬೈಲಲ್ಲಿ ಸೇವ್ ಮಾಡಿ ಇಡಿ.

ಮಾನಸಿಕ ಕಾಯಿಲೆಯಿಂದ ಅಲೆಯುತ್ತಾ ಇರುವವರ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಲ್ಲಿ ಕಾನೂನು ನಿಮ್ಮ ಕಡೆ ಉಂಟು ಮತ್ತೆ ಅದು ತುಂಬ ಜನರಿಗೆ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 100 ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾರದೆ ಅಲೆಯುತ್ತಾ ಇರುವವರಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ತಲುಪಿಸುದು ಆ ಠಾಣೆಯ ಪೊಲೀಸರ ಕೆಲಸ, ಲಾಕಪ್ಪಿನಲ್ಲಿ ಇಡುವಂತಿಲ್ಲ, ಮನೆಯಿಲ್ಲದವರಾದ್ರೆ ಕಾಣೆಯಾದವರು ಅಂತ ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕುದೂ ಅವರದ್ದೇ ಹೊಣೆ. ಒಮ್ಮೆ ಒಂದು ಠಾಣೆಯಲ್ಲಿ "ಇದೆಲ್ಲ ನಮ್ಮ ಕೆಲಸ ಅಲ್ಲ" ಅಂತ ಹೇಳಿ ನಮ್ಮನ್ನು ಎರಡು ಗಂಟೆ ನಿಲ್ಲಿಸಿದ್ರು. ಆ ಸೆಕ್ಷನನ್ನು ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟ ಮೇಲೆ ಜೀಪು ಹೊರಟಿತು. ನಿಮ್ಮ ಫೈಲಲ್ಲೂ ಅದರ ಒಂದು ಪ್ರಿಂಟ್ ಇರ್ಲಿ. ಮಂಗಳೂರಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗ್ಬಹುದು. ಸಲಹೆ ಬೇಕಾದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಮಂಗಳೂರಿನ ವೈಟ್ ಡವ್ಸ್, ಮಂಜೇಶ್ವರದ ಸ್ನೇಹಾಲಯ ಇಂಥವರನ್ನೇ ಸೇರಿಸಿಕೊಂಡು ನೋಡಿಕೊಳ್ಳುವ ಸಂಸ್ಥೆಗಳು. ಅಲ್ಲಿ ಜಾಗ ಉಂಟಾ ಅಂತ ಮೊದಲೇ ಕೇಳಿಕೊಂಡು ಹೋಗಿ. ಚಿಕಿತ್ಸೆ ಸಿಕ್ಕಿ ಹುಷಾರಾದ ಮೇಲೆ ತನ್ನ ಊರಿನ ಹೆಸರು ನೆನಪಾಗಿ ಹತ್ತು ಹದಿನೈದು ವರ್ಷದ ನಂತರ ಮನೆ ಸೇರಿದವರು ಇದ್ದಾರೆ. ಇದೇ ಕೆಲಸಕ್ಕೆ ಮುಂಬೈಯ ಮನೋವೈದ್ಯ ಡಾ. ಭರತ್ ವಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು.

ಮಕ್ಕಳೇ ಹೊರಗೆ ಹಾಕಿದ ಅಪ್ಪ ಅಮ್ಮ ಆದ್ರೆ ದಾರಿ ಬೇರೆ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಎಸಿ, ಅಂದ್ರೆ ಸಹಾಯಕ ಕಮಿಷನರ ಆಫೀಸಿನಲ್ಲಿ ಅರ್ಜಿ ಕೊಡ್ಬಹುದು. ನೋಡಿಕೊಳ್ತೇನೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟಿದ್ರೆ ಆ ದಾನಪತ್ರವನ್ನೇ ರದ್ದು ಮಾಡಿಸ್ಲಿಕ್ಕೆ ಸೆಕ್ಷನ್ 23 ಉಂಟು. ವಕೀಲರಿಗೆ ದುಡ್ಡಿಲ್ಲ ಅಂತಾದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100.

ಆಶ್ರಯ ಕೇಂದ್ರ, ಮತ್ತೆ ಅದರ ಜೊತೆ ಆಗುವ ಒಂದು ಗೊಂದಲ

ಮಂಗಳೂರು ಪಾಲಿಕೆಯಲ್ಲಿ, ಅಂದ್ರೆ ಲಾಲ್‌ಬಾಗ್ ಆಫೀಸಿನಲ್ಲಿ, "ನಗರ ವಸತಿರಹಿತರ ಆಶ್ರಯ ಕೇಂದ್ರ" ಎಲ್ಲಿ ಉಂಟು, ಎಷ್ಟು ಜಾಗ ಖಾಲಿ ಉಂಟು ಅಂತ ಕೇಳಿ. ಉಡುಪಿಯಲ್ಲಿ ನಗರಸಭೆಯಲ್ಲಿ ಕೇಳ್ಬೇಕು. ಇದು ಯಾರೋ ಪುಣ್ಯಾತ್ಮರು ಕೊಡುವ ದಾನ ಅಲ್ಲ. ಊರಿನ ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಜನ ಮಲಗುವ, ವರ್ಷ ಪೂರ್ತಿ, 24 ಗಂಟೆ ತೆರೆದಿರುವ ಒಂದು ಕೇಂದ್ರ ಇರ್ಬೇಕು ಅಂತ ಕೇಂದ್ರ ಸರಕಾರದ ಯೋಜನೆಯ ನಿಯಮವೇ ಉಂಟು, ಸುಪ್ರೀಂ ಕೋರ್ಟ್ ಕೂಡ ಇದೇ ಲೆಕ್ಕ ಹೇಳಿದೆ. 2011ರ ಜನಗಣತಿಯಲ್ಲೇ ಮಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 5 ಲಕ್ಷದ ಹತ್ರ ಜನ ಇದ್ರು, ಲೆಕ್ಕ ನೀವೇ ಹಾಕಿ. ಕೇಂದ್ರ ಸಾಲುದಿಲ್ಲ, ನೀರಿಲ್ಲ, ಹೆಂಗಸರಿಗೆ ಬೇರೆ ವ್ಯವಸ್ಥೆ ಇಲ್ಲ ಅಂತ ಕಂಡ್ರೆ ಕಮಿಷನರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಗೊಂದಲ ಎಂತ ಅಂದ್ರೆ, ಪಚ್ಚನಾಡಿಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಅಂತ ಒಂದು ಉಂಟು. ತುಂಬ ಜನ ಎರಡೂ ಒಂದೇ ಅಂದುಕೊಂಡು ಅಲ್ಲಿಗೆ ಫೋನ್ ಮಾಡ್ತಾರೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ, ಭಿಕ್ಷೆ ಬೇಡುವವರನ್ನು ಹಿಡಿದು ತಂದು ಇಡುವ ವ್ಯವಸ್ಥೆ. ದಿನಾ ಕೂಲಿ ಮಾಡಿ ರಾತ್ರಿ ಜಗಲಿಯಲ್ಲಿ ಮಲಗುವವನಿಗೆ ಅದು ಅಲ್ಲ ಜಾಗ. ಆಶ್ರಯ ಕೇಂದ್ರಕ್ಕೆ ಮನುಷ್ಯ ತಾನೇ ಬರ್ತಾನೆ, ತಾನೇ ಹೋಗ್ತಾನೆ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರ್ತಾನೆ. ಫೋನ್ ಮಾಡುವ ಮೊದಲು ಈ ವ್ಯತ್ಯಾಸ ನೆನಪಿರ್ಲಿ, ನಿಮ್ಮ ಒಂದು ಫೋನಿಂದ ಅವರು ಕಷ್ಟಪಟ್ಟು ಹಿಡಿದ ಕೆಲಸ ಹೋಗ್ಬಾರದು.

ಕೆಲವರು ಆಶ್ರಯ ಕೇಂದ್ರಕ್ಕೆ ಬರ್ಲಿಕ್ಕೆ ಒಪ್ಪುದಿಲ್ಲ. ಧಕ್ಕೆಗೆ ಬೆಳಗಿನ ಜಾವ ಮೂರಕ್ಕೆ ಹೋಗ್ಬೇಕು ಅಂತ ಇರ್ತದೆ, ಒಬ್ಬರ ಚೀಲ ಮೊದಲು ಎಲ್ಲೋ ಕಳುವಾಗಿರ್ತದೆ, ಗಂಡ ಹೆಂಡತಿ ಒಟ್ಟಿಗೆ ಇರ್ಲಿಕ್ಕೆ ಆಗುದಿಲ್ಲ. ಒತ್ತಾಯ ಮಾಡ್ಬೇಡಿ. ಮನೆಗೆ ಹೋಗ್ಲಿಕ್ಕೆ ಆಶ್ರಯ ಕೇಂದ್ರದ ಮೂಲಕವೇ ಹೋಗ್ಬೇಕು ಅಂತ ಎಲ್ಲೂ ಬರೆದಿಲ್ಲ. ಮಳೆಗಾಲದ ನಾಲ್ಕು ತಿಂಗಳಿಗಾದ್ರು ಬನ್ನಿ ಅಂತ ಕೇಳಿ ನೋಡಿ, ಜೂನಿನ ಮೊದಲ ವಾರದ ಗಾಳಿಮಳೆಗೆ ಜಗಲಿಯಲ್ಲಿ ರಟ್ಟು ಅರ್ಧ ಗಂಟೆಯಲ್ಲಿ ಮುದ್ದೆ ಆಗ್ತದೆ.

ಕಾಗದಪತ್ರ: ಗಂಟನ್ನು ಎಲ್ಲಿಂದ ಬಿಚ್ಚುದು

ವಿಳಾಸ ಇಲ್ಲ, ಹಾಗಾಗಿ ಕಾರ್ಡ್ ಇಲ್ಲ. ಕಾರ್ಡ್ ಇಲ್ಲ, ಹಾಗಾಗಿ ಬಾಡಿಗೆಗೆ ಮನೆ ಇಲ್ಲ. ಮನೆ ಇಲ್ಲ, ಹಾಗಾಗಿ ವಿಳಾಸ ಇಲ್ಲ. ಈ ಸುತ್ತಿನಲ್ಲಿ ಎಷ್ಟೋ ಜನ ವರ್ಷಗಟ್ಟಲೆ ತಿರುಗ್ತಾ ಇದ್ದಾರೆ. ನಮ್ಮ ಅನುಭವದಲ್ಲಿ ಬಿಚ್ಚಲಿಕ್ಕೆ ಸುಲಭ ಆಗುದು ಆಧಾರ್ ಕಡೆಯಿಂದ.

ಆಧಾರ್ ಕಳೆದು ಹೋಗಿದೆ ಅಂತ ಹೇಳಿದ್ರೆ ಹೊಸದು ಮಾಡ್ಸಿ ಅಂತ ಕೂರಿಸ್ಬೇಡಿ. ಮೊದಲು ಒಂದು ಸಲ ಬೆರಳು ಕೊಟ್ಟವರು ಹೊಸದಾಗಿ ಅರ್ಜಿ ಹಾಕಿದ್ರೆ ಡುಪ್ಲಿಕೇಟ್ ಅಂತ ರಿಜೆಕ್ಟ್ ಆಗ್ತದೆ, ಅದು ಗೊತ್ತಾಗುವಾಗ ವಾರಗಟ್ಟಲೆ ಹೋಗಿರ್ತದೆ. ನಾವು ಒಬ್ಬರಿಗೆ ಹೀಗೆ ಮಾಡಿ ಎರಡು ತಿಂಗಳು ಹಾಳು ಮಾಡಿದ್ದೇವೆ. ಸೀದಾ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ, ಹಳೆ ಆಧಾರ್ ಹುಡುಕಿ ಪ್ರಿಂಟ್ ಬೇಕು ಅಂತ ಹೇಳಿ, ಬೆರಳು ಇಲ್ಲವೇ ಕಣ್ಣು ಕೊಟ್ರೆ ಹಳೆ ನಂಬರ್ ಸಿಗ್ತದೆ. ಮೀನಿನ ಐಸ್ ಎತ್ತಿ ಎತ್ತಿ, ಸಿಮೆಂಟ್ ಕಲಸಿ ಕಲಸಿ ಕೆಲವರ ಬೆರಳಿನ ಗೆರೆ ಸವೆದು ಹೋಗಿರ್ತದೆ, ಮೆಷಿನ್ ಹಿಡಿಯುದಿಲ್ಲ. ಆವಾಗ "ಆಗುದಿಲ್ಲ" ಅಂತ ವಾಪಸ್ ಕಳಿಸಿದ್ರೆ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಗಟ್ಟಿಯಾಗಿ ಕೇಳಿ. ಅದೇ ದಿನ ಒಂದು ಮೊಬೈಲ್ ನಂಬರ್ ಸೇರಿಸಿ, ಆದ್ರೆ ಅದು ನಿಮ್ಮ ನಂಬರ್ ಆಗ್ಬಾರದು, ಅವರದ್ದೇ ಆಗ್ಬೇಕು. ಅನುಮಾನ ಇದ್ರೆ 1947ಕ್ಕೆ ಫೋನ್ ಮಾಡಿ.

ನಿಜವಾಗಿಯೂ ಯಾವತ್ತೂ ಆಧಾರ್ ಮಾಡಿಸಿಯೇ ಇಲ್ಲದವರಿಗೆ ಆಧಾರ್ ಕೊಡುವ ಯುಐಡಿಎಐಯವರದ್ದೇ ಒಂದು ಸರ್ಟಿಫಿಕೇಟ್ ನಮೂನೆ ಉಂಟು. ಫೋಟೋ ಅಂಟಿಸಿ ಗೆಜೆಟೆಡ್ ಆಫೀಸರ್, ಶಾಸಕರು, ಕಾರ್ಪೊರೇಟರ್ ಸಹಿ ಸೀಲ್ ಹಾಕಿ ಕೊಡ್ಬಹುದು, ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರೂ ಕೊಡ್ಬಹುದು. ಸಹಿ ಆದ ದಿನದಿಂದ ಮೂರು ತಿಂಗಳು ಮಾತ್ರ ಅದಕ್ಕೆ ಬೆಲೆ, ಹಾಗಾಗಿ ಸಹಿ ಆದ ಕೂಡಲೇ ಹೋಗಿ. ಹೊಸ ನೋಂದಣಿಗೆ ದುಡ್ಡು ಇಲ್ಲ, ಯಾರಾದ್ರು ಕೇಳಿದ್ರೆ ಕೊಡ್ಬೇಡಿ.

ವೋಟರ್ ಐಡಿಗೆ ಮನೆ ಬೇಡ ಅಂತ ಹೇಳಿದ್ರೆ ಯಾರೂ ನಂಬುದಿಲ್ಲ, ಆದ್ರೆ ಚುನಾವಣಾ ಆಯೋಗದ ನಿಯಮ ಹಾಗೆಯೇ ಉಂಟು. ಹೆಸರು ಸೇರಿಸುವ ಫಾರ್ಮ್ 6ರಲ್ಲಿ ಮಲಗುವ ಜಾಗವನ್ನೇ ಬರೀಬಹುದು, ಉದಾಹರಣೆಗೆ ಇಂಥ ರಸ್ತೆ, ಇಂಥ ಕಟ್ಟಡದ ಎದುರು ಅಂತ. ಬಿಎಲ್‌ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ, ರಾತ್ರಿ ಹೊತ್ತು ಅಲ್ಲಿಗೆ ಬಂದು, ಒಂದಕ್ಕಿಂತ ಹೆಚ್ಚು ರಾತ್ರಿ, ಆ ಮನುಷ್ಯ ಅಲ್ಲೇ ಮಲಗ್ತಾನಾ ಅಂತ ನೋಡ್ಬೇಕು, ವಿಳಾಸದ ದಾಖಲೆ ಕೇಳುವಂತಿಲ್ಲ. ಸ್ವಲ್ಪ ಬೆನ್ನು ಬಿದ್ರೆ ಆಗ್ತದೆ. ಒಬ್ಬರು ಅಮ್ಮ, ವಯಸ್ಸು ಎಪ್ಪತ್ತರ ಮೇಲೆ, ಕಾರ್ಡ್ ಕೈಗೆ ಬಂದ ದಿನ ಅದರಲ್ಲಿ ತನ್ನ ಗಂಡನ ಹೆಸರು ಇದ್ದದ್ದನ್ನು ನನ್ನ ಹತ್ರ ಮೂರು ಸಲ ಓದಿಸಿದ್ರು.

ಆಧಾರ್ ಆದ ಮೇಲೆ ಜನಧನ್ ಖಾತೆ. ಅದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಡ್ಬೇಕಾಗಿಲ್ಲ. ಆಮೇಲೆ ವಯಸ್ಸು 65 ದಾಟಿದ್ರೆ ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಅರ್ಜಿ, ತಿಂಗಳಿಗೆ 1,200 ರೂಪಾಯಿ. ವಿಧವೆಯರಿಗೆ, ಅಂಗವಿಕಲರಿಗೆ ಬೇರೆ ಬೇರೆ ಪಿಂಚಣಿ ಉಂಟು. ಕಟ್ಟಡ ಕೆಲಸ ವರ್ಷದಲ್ಲಿ 90 ದಿನ ಮಾಡಿದವರಿಗೆ ಕಾರ್ಮಿಕ ಕಾರ್ಡ್ ಸಿಗ್ತದೆ. ಬೇರೆ ರಾಜ್ಯದವರ ಊರಿನ ರೇಷನ್ ಕಾರ್ಡ್ ಇದ್ರೆ, ಆಧಾರ್ ಜೋಡಣೆ ಆಗಿದ್ರೆ, ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತೆಗೀಬಹುದು, ಹೊಸ ಕಾರ್ಡಿಗೆ ಕಾಯ್ಬೇಕಂತಿಲ್ಲ.

ಎಲ್ಲ ಕಾಗದದ ಎರಡು ಜೆರಾಕ್ಸ್ ತೆಗೆದು ಒಂದು ಸೆಟ್ ನಿಮ್ಮ ಹತ್ರ ಇಡಿ, ಒರಿಜಿನಲ್ ಲ್ಯಾಮಿನೇಟ್ ಮಾಡಿಸಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವರ ಕೈಗೇ ಕೊಡಿ. ಒರಿಜಿನಲ್ ಅವರ ಸೊತ್ತು. "ಸೇಫ್ ಆಗಿ ನಾನೇ ಇಡ್ತೇನೆ" ಅಂತ ಇಟ್ಕೊಳ್ಳುದು ತಪ್ಪು, ಮೊದಲು ಕೆಲಸಕ್ಕೆ ಇಟ್ಟವರೂ ಹೀಗೇ ಹೇಳಿ ಕಾರ್ಡ್ ಕಿತ್ತುಕೊಂಡಿರ್ತಾರೆ.

ಕುಡಿತ ಬಿಟ್ಟ ಮೇಲೆ ಮನೆಯಾ, ಮನೆ ಸಿಕ್ಕಿದ ಮೇಲೆ ಕುಡಿತ ಬಿಡುದಾ

ನಮ್ಮ ಗುಂಪಿನಲ್ಲೇ ಇದಕ್ಕೆ ತುಂಬ ಜಗಳ ಆಗಿದೆ. ಮೊದಲು ಕುಡಿತ ಬಿಡ್ಲಿ, ಒಂದು ಕಡೆ ಸರಿಯಾಗಿ ಕೆಲಸ ಮಾಡ್ಲಿ, ಆಮೇಲೆ ರೂಮ್ ನೋಡುವ ಅಂತ ಕೆಲವರು ಹೇಳ್ತಾರೆ. ನಾನೂ ಮೊದಲು ಹಾಗೇ ಹೇಳ್ತಾ ಇದ್ದೆ. ಈಗ ಹೇಳುದಿಲ್ಲ. ರಾತ್ರಿ ಇಡೀ ಒಂದು ಕಣ್ಣು ಚೀಲದ ಮೇಲೆ ಇಟ್ಟು ಮಲಗುವವನಿಗೆ ಬೆಳಿಗ್ಗೆ ಎದ್ದು ನೆಟ್ಟಗೆ ಕೆಲಸಕ್ಕೆ ಹೋಗು ಅಂದ್ರೆ ಹೇಗೆ ಹೋಗ್ತಾನೆ? ಫಿನ್‌ಲ್ಯಾಂಡಿನಲ್ಲಿ 2008ರಿಂದ ಸರಕಾರವೇ ಮೊದಲು ಮನೆ, ಉಳಿದದ್ದೆಲ್ಲ ಆಮೇಲೆ ಅನ್ನುವ ನೀತಿ ಹಿಡ್ಕೊಂಡಿದೆ, ಅಲ್ಲಿ ರಸ್ತೆಯಲ್ಲಿ ಇರುವವರ ಸಂಖ್ಯೆ ತುಂಬ ಇಳಿದಿದೆ. ಅಷ್ಟು ದೂರ ಯಾಕೆ, ಚೆನ್ನೈಯ ದಿ ಬ್ಯಾನಿಯನ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಹೋಮ್ ಅಗೇನ್‌ನಲ್ಲಿ, ಮಾನಸಿಕ ಕಾಯಿಲೆ ಇದ್ದು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಉಳಿದವರು ಮಾಮೂಲಿ ಬೀದಿಯ ಮಾಮೂಲಿ ಬಾಡಿಗೆ ಮನೆಯಲ್ಲಿ ನಾಲ್ಕೈದು ಜನ ಸೇರಿ ಸಂಸಾರದ ಹಾಗೆ ಇರ್ತಾರೆ, ಸಹಾಯಕ್ಕೆ ಒಬ್ಬರು ಇರ್ತಾರೆ.

ಒಂದು ಎಚ್ಚರ ಮಾತ್ರ. ದಿನಾ ಜಾಸ್ತಿ ಕುಡಿಯುವವರು ನಿಮ್ಮ ಮಾತಿಗೆ ಒಮ್ಮೆಲೇ ನಿಲ್ಲಿಸಿದ್ರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರ್ಬಹುದು, ಜೀವಕ್ಕೇ ಅಪಾಯ. ಬಿಡ್ತೇನೆ ಅಂತ ಅವರೇ ಹೇಳಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಇಲ್ಲ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಕೇಳಿ.

ಬಿಡಾರ ಹುಡುಕುದು

ಬೋರ್ಡ್ ಹಾಕಿದ ಮನೆ, ಬ್ರೋಕರ್ ತೋರಿಸುವ ಮನೆ ಇವರಿಗೆ ಸಿಗುದಿಲ್ಲ. ಸಿಗುದು ಲೈನ್ ಮನೆ, ಶೀಟ್ ಹಾಕಿದ ಒಂಟಿ ರೂಮ್, ದೊಡ್ಡ ಮನೆ ಹಿಂದಿನ ಔಟ್‌ಹೌಸ್. ಇದು ಗೊತ್ತಿರುದು ಗೂಡಂಗಡಿಯವರಿಗೆ, ಹಾಲಿನವರಿಗೆ, ರಿಕ್ಷಾ ಪಾರ್ಕಿನ ಅಣ್ಣಂದಿರಿಗೆ. ಬಂದರು, ಕುದ್ರೋಳಿ, ಬೈಕಂಪಾಡಿ ಕಡೆ ಒಂದು ಭಾನುವಾರ ಚಾ ಕುಡೀತಾ ಕೇಳಿಕೊಂಡು ಹೋದ್ರೆ ನಾಲ್ಕು ರೂಮ್ ಕಣ್ಣಿಗೆ ಬೀಳ್ತದೆ. ಅವರ ಕೆಲಸದ ಜಾಗದಿಂದ ದೂರ ಇರುವ ರೂಮ್ ಎಷ್ಟು ಸಸ್ತ ಆದ್ರೂ ಬೇಡ, ಬೆಳಗಿನ ಜಾವ ಮೂರು ಗಂಟೆಗೆ ಸಿಟಿ ಬಸ್ ಇಲ್ಲ.

ಓನರ್ ಹತ್ರ ಸುಳ್ಳು ಹೇಳ್ಬೇಡಿ. "ನಮ್ಮ ಸಂಬಂಧಿಕರು" ಅಂತ ಹೇಳಿ ಸಿಕ್ಕಿದ ರೂಮ್ ಒಂದು ತಿಂಗಳಲ್ಲಿ ಹೋಗ್ತದೆ. ಇವರು ಇಂಥ ಕೆಲಸ ಮಾಡ್ತಾರೆ, ಇಷ್ಟು ವರ್ಷದಿಂದ ಇದೇ ಊರಿನಲ್ಲಿ ಇದ್ದಾರೆ, ಏನಾದ್ರು ತೊಂದರೆ ಆದ್ರೆ ನನಗೆ ಫೋನ್ ಮಾಡಿ, ನಾನು ಬರ್ತೇನೆ ಅಂತ ಹೇಳಿ. ಓನರುಗಳಿಗೆ ಬೇಕಾದದ್ದು ಮುಖ್ಯವಾಗಿ ಅದೇ ಕೊನೆಯ ಮಾತು. ಜಾತಿ ಧರ್ಮ ಕೇಳ್ತಾರೆ, ಮೀನು ಮಾಂಸ ಕೇಳ್ತಾರೆ, ಒಂಟಿ ಗಂಡಸು ಬೇಡ ಅಂತಾರೆ, ಒಂಟಿ ಹೆಂಗಸು ಅಂತೂ ಬೇಡವೇ ಬೇಡ ಅಂತಾರೆ. ಬೇಸರ ಆಗ್ತದೆ. ಅವರ ಎದುರಲ್ಲಿ ವಾದ ಮಾಡಿ ಇವರನ್ನು ಇನ್ನೂ ಸಣ್ಣ ಮಾಡ್ಬೇಡಿ, ಮೊದಲ ಸಲ ನೀವು ಒಬ್ಬರೇ ಹೋಗಿ ಮಾತಾಡಿ, ಒಪ್ಪುವವರ ಮನೆಗೆ ಮಾತ್ರ ಅವರನ್ನು ಕರ್ಕೊಂಡು ಹೋಗಿ. ಕೊನೆಗೆ ಯಾವ ರೂಮ್ ಅಂತ ಅವರೇ ಹೇಳ್ಬೇಕು.

11 ತಿಂಗಳ ಎಗ್ರಿಮೆಂಟ್ ಅವರ ಹೆಸರಲ್ಲೇ ಮಾಡಿಸಿ, ನಿಮ್ಮ ಹೆಸರಲ್ಲಿ ಅಲ್ಲ. ಮುಂದೆ ವಿಳಾಸದ ದಾಖಲೆಗೆ ಅದು ಬೇಕು. ಆಧಾರ್ ವಿಳಾಸ ಬದಲಿಸ್ಲಿಕ್ಕೆ ನೋಂದಣಿ ಆಗದ ಎಗ್ರಿಮೆಂಟ್ ಸಾಕಾಗುದಿಲ್ಲ ಅಂತ ಹೇಳಿದ್ರೆ ಮೇಲೆ ಹೇಳಿದ ಸರ್ಟಿಫಿಕೇಟ್ ನಮೂನೆ ಇದಕ್ಕೂ ಆಗ್ತದೆ. ಮೀಟರ್ ಬೇರೆ ಇದ್ರೆ ಬಾಡಿಗೆದಾರರ ಹೆಸರಲ್ಲೂ ಗೃಹಜ್ಯೋತಿಗೆ ಅರ್ಜಿ ಹಾಕ್ಬಹುದು, ಮೆಸ್ಕಾಂ ಬಿಲ್ಲಿನ ಚಿಂತೆ ಇರುದಿಲ್ಲ. ಲೈನ್ ಮನೆಗಳಲ್ಲಿ ಎಲ್ಲರಿಗೂ ಒಂದೇ ಮೀಟರ್ ಇರ್ತದೆ, ಹಾಗಿದ್ರೆ ಕರೆಂಟಿಗೆ ಎಷ್ಟು ಅಂತ ಎಗ್ರಿಮೆಂಟಲ್ಲೇ ಬರೆಸಿ.

ದುಡ್ಡಿನ ಲೆಕ್ಕ ಮಾಡುವಾಗ ಒಂದು ವಿಷಯ ಮರೀಬೇಡಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಧಕ್ಕೆಯಲ್ಲಿ, ಮಲ್ಪೆಯಲ್ಲಿ ಹೊರುವ, ಐಸ್ ಹಾಕುವ, ಮೀನು ಬೇರ್ಪಡಿಸುವ ಕೆಲಸ ಎಲ್ಲ ಹೆಚ್ಚುಕಡಿಮೆ ನಿಂತ ಹಾಗೇ. ಮಳೆಗೆ ಕಟ್ಟಡ ಕೆಲಸವೂ ಅರ್ಧಕ್ಕೆ ಇಳೀತದೆ. ಮೇ ತಿಂಗಳಲ್ಲಿ ಉತ್ಸಾಹದಲ್ಲಿ ಬಾಡಿಗೆಗೆ ಹಿಡಿದ ರೂಮ್ ಜುಲೈಯಲ್ಲಿ ಖಾಲಿ ಆಗುದು ಇದಕ್ಕೇ, ಆ ಮನುಷ್ಯ ಸೋಮಾರಿ ಅಂತಲ್ಲ. ತಿಂಗಳಿಗೆ 3,000 ಬಾಡಿಗೆ ಅಂತ ಇಟ್ಕೊಳ್ಳಿ. ಆಗಸ್ಟ್ ಸೆಪ್ಟೆಂಬರಿನಲ್ಲಿ ಬೋಟ್ ಕಡಲಿಗೆ ಇಳಿದ ಮೇಲೆ ರೂಮ್ ಹಿಡಿದು, ಅಲ್ಲಿಂದ ತಿಂಗಳಿಗೆ 700 ಅವರ ಖಾತೆಯಲ್ಲಿ ಉಳಿಸಿದ್ರೆ ಮೇ ಮುಗಿಯುವಾಗ ಎರಡು ತಿಂಗಳ ಬಾಡಿಗೆ ಕೈಯಲ್ಲಿ ಇರ್ತದೆ. ಉಳಿಸ್ಲಿಕ್ಕೆ ಆಗದಿದ್ರೆ ದಾನಿಗಳ ಹತ್ರ ಅಡ್ವಾನ್ಸಿಗೆ ಅಂತ ಕೇಳುವ ದುಡ್ಡಿನಲ್ಲೇ ಈ ಎರಡು ತಿಂಗಳದ್ದನ್ನು ಸೇರಿಸಿ ಕೇಳಿ. ಕಂಬಳಿ ಕೊಡುವ ಬದಲು ಜುಲೈಯ ಬಾಡಿಗೆ ಕೊಡಿ ಅಂತ ನಾನು ಎಲ್ಲರ ಹತ್ರ ಹೇಳ್ತೇನೆ.

ಬೀಗದ ಕೈ ಕೊಟ್ಟ ಮೇಲಿನ ಮೂರು ತಿಂಗಳು

ನಿಮ್ಮ ಕೆಲಸದ ಅರ್ಧ ಇಲ್ಲಿಂದ ಮುಂದೆ ಇರುದು, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಬಾಗಲಕೋಟೆ ಕಡೆಯ ಒಬ್ಬರು ಅಜ್ಜ, ಹನ್ನೊಂದು ವರ್ಷ ಜಗಲಿಯಲ್ಲೇ ಮಲಗಿದವರು. ಕಾಗದ ಎಲ್ಲ ಮಾಡಿಸಿ, ಒಂದು ಶೀಟ್ ರೂಮ್ ಹುಡುಕಿ, ಚಾಪೆ, ದಿಂಬು, ಬಕೆಟ್, ಸಣ್ಣ ಗ್ಯಾಸ್, ಎರಡು ಪಾತ್ರೆ ಇಟ್ಟು ಕೊಟ್ವಿ. ನಾಲ್ಕು ದಿನ ಬಿಟ್ಟು ಹೋದ್ರೆ ಪಾತ್ರೆಯ ಮೇಲಿನ ಸ್ಟಿಕ್ಕರ್ ಹಾಗೇ ಉಂಟು, ಚಾಪೆ ಸುತ್ತಿದ್ದು ಸುತ್ತಿದ ಹಾಗೇ ಮೂಲೆಯಲ್ಲಿ ಉಂಟು. ಪಕ್ಕದ ಮನೆಯವರು ಹೇಳಿದ್ರು, ರಾತ್ರಿ ಬಾಗಿಲಿನ ಹೊರಗೆ ಸಿಮೆಂಟಿನ ಮೇಲೆ ಮಲಗ್ತಾರೆ ಅಂತ. ಕೇಳಿದ್ದಕ್ಕೆ "ಏನ್ ಮಾಡ್ಲಿ ತಮ್ಮಾ, ಒಳಗ ನಿದ್ದಿ ಹತ್ತವಲ್ದು, ಯಾರ್ ಬಂದ್ರೂ ಗೊತ್ತಾಗಂಗಿಲ್ಲ" ಅಂದ್ರು. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ರು, ಮಾತಾಡುವಾಗ ಎರಡು ಮೂರು ಸಲ ಅಂಗಿ ಎತ್ತಿ ಅದು ಉಂಟಾ ಅಂತ ಮುಟ್ಟಿ ನೋಡಿಕೊಂಡ್ರು. ಅಂದ್ರೆ ರೂಮ್ ಬೇಡ ಅಂತಲ್ಲ, ರೂಮಿನ ಒಳಗೆ ಹೇಗೆ ಇರುದು ಅಂತ ಮೈಗೆ ಮರೆತು ಹೋಗಿದೆ ಅಷ್ಟೇ. ಒಳಗಿನಿಂದ ಹಾಕುವ ಚಿಲಕ ಸಡಿಲ ಇತ್ತು, ಅದನ್ನು ಬದಲಾಯಿಸಿದ್ವಿ. ಕಿಟಕಿ, ಬಾಗಿಲು ಎರಡೂ ಎದುರು ಕಾಣುವ ಹಾಗೆ ಚಾಪೆಯ ಜಾಗ ಬದಲಾಯಿಸಿದ್ವಿ, ರಾತ್ರಿಗೆ ಒಂದು ಸಣ್ಣ ಬಲ್ಬ್ ಹಾಕಿದ್ವಿ. ಮೂರನೇ ವಾರದಲ್ಲಿ ಒಳಗೆ ಮಲಗಿದ್ರು.

ಇಂಥದ್ದೇ ಬೇರೆ ಬೇರೆ ರೀತಿಯಲ್ಲಿ ಎಲ್ಲರಿಗೂ ಆಗ್ತದೆ. ಹಳೆ ಜಾಗಕ್ಕೆ ವಾಪಸ್ ಹೋಗಿ ಕೂರ್ತಾರೆ, ಯಾಕಂದ್ರೆ ಮಾತಾಡುವ ಜನ ಅಲ್ಲೇ ಇರುದು. ಹಳೆ ಸ್ನೇಹಿತರನ್ನು ರೂಮಿಗೆ ಕರ್ಕೊಂಡು ಬರ್ತಾರೆ, ಓನರ್ ಜಗಳ ಮಾಡ್ತಾರೆ. ಒಬ್ಬರನ್ನು ಒಂದು ರಾತ್ರಿಗೆ ಕರ್ಕೊಂಡು ಬರ್ಬಹುದಾ, ಎಷ್ಟು ದಿನ ಇರ್ಬಹುದು ಅಂತ ಓನರ್, ಅವರು, ನೀವು ಮೂರೂ ಜನ ಕೂತು ಮೊದಲೇ ಮಾತಾಡಿ. ಮೊದಲ ತಿಂಗಳು ವಾರಕ್ಕೆ ಎರಡು ಸಲ ಹೋಗಿ, ಎರಡನೇ ತಿಂಗಳು ವಾರಕ್ಕೆ ಒಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಸಾಕು. ಹೋಗುವ ಮೊದಲು ಫೋನ್ ಮಾಡಿ ಕೇಳಿ, ಬಾಗಿಲು ತಟ್ಟಿ ನಿಲ್ಲಿ, ಅದು ಈಗ ಅವರ ಮನೆ. ಬಾಡಿಗೆ ದಿನ ಅವರ ಕೈಯಿಂದಲೇ ಓನರಿಗೆ ಕೊಡಿಸಿ, ನೀವು ಸಹಾಯ ಮಾಡುದಾದ್ರೂ ಅವರ ಖಾತೆಗೆ ಹಾಕಿ. ನೆರೆಕರೆಯವರಲ್ಲಿ ಒಬ್ಬರು ಅಕ್ಕನೋ ಅಮ್ಮನೋ ಸಂಜೆ "ಗಂಜಿ ಮಾಡಿದ್ರಾ?" ಅಂತ ಕೇಳುವವರು ಸಿಕ್ಕಿದ್ರೆ ನಿಮ್ಮ ಹತ್ತು ವಿಸಿಟಿಗಿಂತ ಅದು ದೊಡ್ಡದು.

ಸರಕಾರಿ ಮನೆಯ ಅರ್ಜಿಯನ್ನೂ ಈ ಹೊತ್ತಿಗೆ ಹಾಕಿ ಇಡಿ, ಬೇಗ ಸಿಗ್ತದೆ ಅಂತ ಮಾತ್ರ ಹೇಳ್ಬೇಡಿ. ನಗರದವರಿಗೆ ಪಿಎಂ ಆವಾಸ್ ನಗರ 2.0, ವರ್ಷದ ಆದಾಯ 3 ಲಕ್ಷದ ಒಳಗೆ ಇದ್ದು ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರ್ಬಾರದು. ರಾಜ್ಯದ್ದು ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳು, ಅದಕ್ಕೆ ಪಾಲಿಕೆ, ನಗರಸಭೆ, ಗ್ರಾಮ ಪಂಚಾಯತಿನಲ್ಲಿ ಕೇಳಿ. ಅರ್ಜಿ ನಂಬರ್ ಅವರ ಪ್ಲಾಸ್ಟಿಕ್ ಚೀಲದಲ್ಲೂ, ನಿಮ್ಮ ಡೈರಿಯಲ್ಲೂ ಇರ್ಲಿ.

ಇನ್ನು ರೂಮ್ ಬಿಟ್ಟು ಹೋದ್ರೆ? ಹೋಗ್ತಾರೆ, ಕೆಲವರು ಹೋಗ್ತಾರೆ. ಕೂಡಲೇ ರೂಮ್ ಖಾಲಿ ಮಾಡಿಸ್ಬೇಡಿ, ಓನರ್ ಹತ್ರ ಮಾತಾಡಿ ಒಂದು ತಿಂಗಳು ಸಾಮಾನು ಹಾಗೇ ಇರ್ಲಿ ಅಂತ ಕೇಳಿಕೊಳ್ಳಿ. ಮೊದಲು ಹಳೆ ಜಗಲಿಗೆ ಹೋಗಿ ನೋಡಿ, ಆಮೇಲೆ ವೆನ್ಲಾಕಿನ ವಾರ್ಡಿನಲ್ಲಿ ವಿಚಾರಿಸಿ, ಆಮೇಲೆ ಊರಿನ ನಂಬರಿಗೆ ಫೋನ್ ಮಾಡಿ, ಜಾತ್ರೆಗೋ ಬಿತ್ತನೆಗೋ ಊರಿಗೆ ಹೋಗಿರ್ತಾರೆ. ಸಿಕ್ಕಿದಾಗ "ಯಾಕೆ ಹೀಗೆ ಮಾಡಿದ್ರಿ" ಅಂತ ಶುರು ಮಾಡ್ಬೇಡಿ, ಊಟ ಆಯ್ತಾ ಕೇಳಿ, ಬೀಗದ ಕೈ ಹತ್ರ ಉಂಟಾ ಕೇಳಿ. ಇಲ್ಲ ಅಂದ್ರೆ ಇನ್ನೊಂದು ಕೊಡ್ಲಿಕ್ಕೆ ಆಗ್ತದೆ, ಬೀಗ ತಗೊಳ್ಳುವ ದಿನವೇ ಮೂರು ಕೈ ಇರುವ ಬೀಗ ತಗೊಂಡು ಒಂದನ್ನು ಪಕ್ಕದ ಮನೆಯಲ್ಲಿ ಕೊಟ್ಟು ಇಡಿ.